ಮೇವು, ಮಣ್ಣು ಮತ್ತು ಭಾರಲೋಹ: ದನಗಳ ಆರೋಗ್ಯದ ಒಂದು ಸಮೀಕ್ಷೆ

ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್, ಕ್ರೋಮಿಯಂ, ಮಾಲಿಬ್ಡಿನಂ ಮೊದಲಾದ ಧಾತುಗಳನ್ನು ಭಾರಲೋಹಗಳೆಂಬ ಒಂದೇ ಹೆಸರಿನಡಿ ಸೇರಿಸಿ ಚರ್ಚಿಸುವುದು ಪಶುವೈದ್ಯಕೀಯದಲ್ಲಿಯೂ ಪರಿಸರ ವಿಜ್ಞಾನದಲ್ಲಿಯೂ ರೂಢಿಯಾಗಿದೆ. ರಸಾಯನಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಆರ್ಸೆನಿಕ್ ಲೋಹಕ್ಕೂ ಅಲೋಹಕ್ಕೂ ನಡುವಿನ ಧಾತು. ಮಾಲಿಬ್ಡಿನಂ ಅತ್ಯಲ್ಪ ಪ್ರಮಾಣದಲ್ಲಿ ಪ್ರಾಣಿಗಳಿಗೆ ಬೇಕಾದದ್ದೇ. ಸೀಸ, ಕ್ಯಾಡ್ಮಿಯಂ, ಪಾದರಸಗಳಿಗಾದರೋ ದನದ ದೇಹದಲ್ಲಿ ಮಾಡಬೇಕಾದ ಕೆಲಸವೊಂದೂ ಇಲ್ಲ. ಸ್ವಭಾವದಲ್ಲಿ ಇಷ್ಟು ಭಿನ್ನವಾದ ಇವನ್ನು ಒಟ್ಟಿಗೆ ನೋಡಲು ಕಾರಣವೆಂದರೆ, ಹಲವು ಕೀಟನಾಶಕಗಳಂತೆ ಇವು ಕಾಲಕ್ರಮದಲ್ಲಿ ಒಡೆದು ನಿರಪಾಯವಾಗುವುದಿಲ್ಲ; ಮಣ್ಣಿಗೆ ಬಿದ್ದದ್ದು ಮಣ್ಣಿನಲ್ಲಿಯೇ ನಿಲ್ಲುತ್ತದೆ, ಅಲ್ಲಿಂದ ಹುಲ್ಲಿಗೆ ಏರಿ ದನದ ಹೊಟ್ಟೆ ಸೇರಿದ್ದು ಅದರ ಮೂಳೆ, ಯಕೃತ್ತು, ಮೂತ್ರಪಿಂಡಗಳಲ್ಲಿ ಕೂಡಿಕೊಳ್ಳುತ್ತದೆ, ಇಲ್ಲವೆ ಸಗಣಿಯ ಮೂಲಕ ಮತ್ತೆ ಅದೇ ಹೊಲಕ್ಕೆ ಮರಳುತ್ತದೆ.

ಭಾರತದಲ್ಲಿ ಈ ವಿಷಯ ಸಾರ್ವಜನಿಕ ಚರ್ಚೆಗೆ ಬರುವುದು ಬಹುಮಟ್ಟಿಗೆ ಹಾಲಿನ ಸುರಕ್ಷತೆಯ ಪ್ರಶ್ನೆಯಾಗಿ ಮಾತ್ರ. ಅದಕ್ಕೆ ತಕ್ಕಂತೆ ಗಮನವೂ ಎರಡೇ ಕಡೆ ನೆಟ್ಟಿದೆ: ಒಂದು, ಕಾರ್ಖಾನೆಯಿಂದ ಹೊರಡುವ ಪಶು ಆಹಾರದ ಚೀಲ, ಇನ್ನೊಂದು, ಡೇರಿಗೆ ಬಂದು ಸೇರುವ ಹಾಲು. ಒಂದು ಶತಮಾನಕ್ಕೂ ಮೀರಿದ ಅನುಭವವನ್ನು ಒಟ್ಟುಗೂಡಿಸಿ ನೋಡಿದರೆ, ದನಗಳ ಮಟ್ಟಿಗೆ ಈ ಎರಡೂ ಅಷ್ಟು ಸರಿಯಾದ ಜಾಗಗಳಲ್ಲವೆಂದು ತೋರುತ್ತದೆ. ಲೋಹ ದನವನ್ನು ಸೇರುವ ದೊಡ್ಡ ದಾರಿ ಹಸಿ ಮೇವು, ಮೇವಿಗೆ ಅಂಟಿದ ಮಣ್ಣು, ಕುಡಿಯುವ ನೀರು ಮತ್ತು ಕೊಟ್ಟಿಗೆಯ ಸುತ್ತಮುತ್ತ ಬಿದ್ದಿರುವ ವಸ್ತುಗಳು. ಸೇರಿದ ಲೋಹ ನಿಲ್ಲುವ ಜಾಗ ಹಾಲಲ್ಲ, ದನದ ಒಡಲು. ಹಾಲು ಶುದ್ಧವಾಗಿದೆ ಎಂಬುದರಿಂದ ಹಸು ಆರೋಗ್ಯವಾಗಿದೆ ಎಂದು ತೀರ್ಮಾನಿಸಲಾಗದು, ಏಕೆಂದರೆ ಎಷ್ಟೋ ಬಾರಿ ಹಾಲು ಶುದ್ಧವಾಗಿ ಉಳಿಯುವುದು ಹಸು ಲೋಹವನ್ನು ತನ್ನಲ್ಲೇ ತಡೆದು ಇಟ್ಟುಕೊಂಡಿರುವುದರಿಂದ.

ಮೇವಿನ ಲೋಹದ ವೈಜ್ಞಾನಿಕ ಅಧ್ಯಯನ ಗಂಭೀರವಾಗಿ ಮೊದಲಾದದ್ದು ಲೋಹ ಕರಗಿಸುವ ಕುಲುಮೆಗಳ ಸುತ್ತ. ಅಮೆರಿಕದ ಮೊಂಟಾನಾ ರಾಜ್ಯದ ಅನಕೊಂಡ ಪಟ್ಟಣದಲ್ಲಿ 1902ರಲ್ಲಿ ವಾಶೋ ಎಂಬ ಬೃಹತ್ ತಾಮ್ರದ ಕುಲುಮೆ ಕೆಲಸ ಆರಂಭಿಸಿದ ಬೆನ್ನಿಗೇ, ಅದರ ಹೊಗೆ ಹರಡುತ್ತಿದ್ದ ಡೀರ್ ಲಾಡ್ಜ್ ಕಣಿವೆಯಲ್ಲಿ ದನ, ಕುದುರೆ, ಕುರಿಗಳು ಸಾಯತೊಡಗಿದವು. ಅದಿರಿನಲ್ಲಿ ತಾಮ್ರದ ಜೊತೆಗಿದ್ದ ಆರ್ಸೆನಿಕ್ ಹೊಗೆಯೊಡನೆ ಹೊರಟು ಹುಲ್ಲುಗಾವಲಿನ ಮೇಲೆ ಇಳಿಯುತ್ತಿತ್ತು. ಹಾರ್ಕಿನ್ಸ್ ಮತ್ತು ಸ್ವೇನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿನ ಹುಲ್ಲನ್ನೂ ಸತ್ತ ಪ್ರಾಣಿಗಳ ಅಂಗಾಂಶಗಳನ್ನೂ ವಿಶ್ಲೇಷಿಸಿ, ಸಸ್ಯಾಹಾರಿ ಪ್ರಾಣಿಗಳಲ್ಲಿ ಆರ್ಸೆನಿಕ್‌ನಿಂದಾಗುವ ದೀರ್ಘಕಾಲದ ವಿಷಬಾಧೆಯನ್ನು ಕುರಿತು 1908ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ಆರಂಭದ ದಾಖಲೆಗಳಲ್ಲಿ ಒಂದು. ಕಣಿವೆಯ ರೈತರು 1905ರಲ್ಲಿಯೇ ಕಂಪನಿಯ ಮೇಲೆ ದಾವೆ ಹೂಡಿದ್ದರು. 1909ರಲ್ಲಿ ಬಂದ ತೀರ್ಪು ಕಂಪನಿಯ ಪರವಾಗಿತ್ತು. ದನ ಸತ್ತದ್ದು ಯಾವುದರಿಂದ ಎಂಬುದನ್ನು ಪ್ರಯೋಗಶಾಲೆಯಲ್ಲಿ ತೋರಿಸುವುದಕ್ಕೂ, ಅದರ ಹೊಣೆಯನ್ನು ನ್ಯಾಯಾಲಯದಲ್ಲಿ ಹೊರಿಸುವುದಕ್ಕೂ ನಡುವೆ ಇರುವ ದೂರ ಈ ಮೊದಲ ಪ್ರಕರಣದಲ್ಲಿಯೇ ಸ್ಪಷ್ಟವಾಗಿತ್ತು.

ಕುಲುಮೆಯ ಆಸುಪಾಸಿನಲ್ಲಿಲ್ಲದ ದನವೂ ಸುರಕ್ಷಿತವಲ್ಲವೆಂಬುದನ್ನು 1989ರ ಘಟನೆ ತೋರಿಸಿತು. ಆ ವರ್ಷ ಬರ್ಮಾದಿಂದ ಯುರೋಪಿಗೆ ಬಂದ ಅಕ್ಕಿ ತೌಡಿನಲ್ಲಿ ಸೀಸ ಬೆರೆತಿತ್ತು. ಆ ತೌಡು ಪಶು ಆಹಾರದ ತಯಾರಿಕೆಗೆ ಹೋಗಿ, ನೆದರ್‌ಲೆಂಡ್ಸ್‌ನಲ್ಲಿಯೂ ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿಯೂ ದನಗಳು ವಿಷಬಾಧೆಗೆ ಒಳಗಾದವು, ಸಾವಿರಕ್ಕೂ ಹೆಚ್ಚು ಹೈನುಗಾರಿಕೆಯ ಫಾರ್ಮ್‌ಗಳ ಮೇಲೆ ಹಾಲು ಮತ್ತು ದನ ಮಾರಾಟದ ನಿರ್ಬಂಧ ಬಿತ್ತು. ತೌಡು, ಬೂಸಾ, ಹಿಂಡಿಗಳು ಒಂದು ಉದ್ಯಮದ ಉಳಿಕೆಗಳಾಗಿ ಇನ್ನೊಂದು ಉದ್ಯಮದ ಕಚ್ಚಾವಸ್ತುವಾಗುವ ಪದಾರ್ಥಗಳು. ಗಿರಣಿ, ಗೋದಾಮು, ಲಾರಿ, ಹಡಗು ಎಂದು ಕೈಯಿಂದ ಕೈಗೆ ಸಾಗುವ ಈ ದಾರಿಯಲ್ಲಿ ಎಲ್ಲಿ ಏನು ಬೆರೆತರೂ ಕೊನೆಯ ತೊಟ್ಟಿಯವರೆಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಆಕಸ್ಮಿಕವಲ್ಲದ, ಆದ್ದರಿಂದಲೇ ಹೆಚ್ಚು ಗಮನಿಸಬೇಕಾದ ಮೂಲ ಖನಿಜ ಮಿಶ್ರಣ. ಹಸುವಿಗೆ ಬೇಕಾದ ರಂಜಕವನ್ನು ಒದಗಿಸುವ ಡೈಕ್ಯಾಲ್ಸಿಯಂ ಫಾಸ್ಫೇಟ್ ತಯಾರಾಗುವುದು ಬಹುಪಾಲು ಶಿಲಾರಂಜಕದಿಂದ, ಮತ್ತು ಶಿಲಾರಂಜಕದಲ್ಲಿ ಕ್ಯಾಡ್ಮಿಯಂ ಸ್ವಾಭಾವಿಕವಾಗಿ ಇರುತ್ತದೆ. ಸತುವಿನ ಅದಿರಿನಲ್ಲಿಯೂ ಕ್ಯಾಡ್ಮಿಯಂ ಸತುವಿನ ಜೊತೆಗೇ ಇರುವುದರಿಂದ, ಸರಿಯಾಗಿ ಶುದ್ಧಿಯಾಗದ ಅಗ್ಗದ ಸತುವಿನ ಲವಣ ಪೋಷಕಾಂಶದ ಹೆಸರಿನಲ್ಲಿ ವಿಷವನ್ನೂ ತರುತ್ತದೆ. ಶಿಲಾರಂಜಕದ ಗೊಬ್ಬರವೂ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ನ್ಯೂಜಿಲೆಂಡಿನ ಹುಲ್ಲುಗಾವಲುಗಳಿಗೆ ದಶಕಗಳ ಕಾಲ ನೌರು ದ್ವೀಪದ ಶಿಲಾರಂಜಕದಿಂದ ಮಾಡಿದ ಗೊಬ್ಬರ ಸುರಿದದ್ದರ ಫಲವಾಗಿ ಅಲ್ಲಿನ ಮಣ್ಣಿನಲ್ಲಿ ಕ್ಯಾಡ್ಮಿಯಂ ಏರಿ, ಎರಡೂವರೆ ವರ್ಷಕ್ಕಿಂತ ಹೆಚ್ಚು ವಯಸ್ಸಿನ ದನ ಮತ್ತು ಕುರಿಗಳ ಮೂತ್ರಪಿಂಡವನ್ನು ಮನುಷ್ಯರ ಆಹಾರಕ್ಕೆ ಬಳಸಬಾರದೆಂಬ ನಿಯಮ ಬಂದಿತು. ಹಸಿರಿಗೆ ಹೆಸರಾದ ದೇಶವೊಂದು ತನ್ನ ದನಗಳ ಒಂದು ಅಂಗವನ್ನು ವಯಸ್ಸು ನೋಡಿ ಎಸೆಯಬೇಕಾಗಿ ಬಂದದ್ದು ಗೊಬ್ಬರದ ಚೀಲದಿಂದ ಎಂಬುದು ಈ ವಿಷಯದಲ್ಲಿ ಉದ್ಯಮವೊಂದನ್ನೇ ದೂರುವವರು ನೆನಪಿಡಬೇಕಾದ ಸಂಗತಿ.

ಮೇವಿನ ವಿಶ್ಲೇಷಣೆಯಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಇನ್ನೊಂದು ಅಂಶ ಮಣ್ಣು. ಬಹುತೇಕ ಬೆಳೆಗಳು ಸೀಸವನ್ನು ಬೇರಿನಲ್ಲಿಯೇ ತಡೆದು, ಎಲೆ ಮತ್ತು ಕಾಳಿಗೆ ಸ್ವಲ್ಪವನ್ನೇ ಕಳಿಸುತ್ತವೆ. ಪ್ರಯೋಗಶಾಲೆಯಲ್ಲಿ ತೊಳೆದು ಒಣಗಿಸಿದ ಹುಲ್ಲನ್ನು ಪರೀಕ್ಷಿಸಿದರೆ ಸಿಗುವ ಅಂಕಿ ಆದ್ದರಿಂದ ಸಮಾಧಾನಕರವಾಗಿಯೇ ಇರುತ್ತದೆ. ದನ ಹುಲ್ಲನ್ನು ತೊಳೆದು ತಿನ್ನುವುದಿಲ್ಲ. ಇಂಗ್ಲೆಂಡಿನ ಹಳೆಯ ಗಣಿ ಪ್ರದೇಶಗಳಲ್ಲಿ ಮೇಯುವ ದನಗಳನ್ನು ಅಧ್ಯಯನ ಮಾಡಿದ ಥಾರ್ನ್‌ಟನ್ ಮತ್ತು ಅಬ್ರಹಾಮ್ಸ್ 1983ರಲ್ಲಿ ತೋರಿಸಿದಂತೆ, ದನ ತಿನ್ನುವ ಒಟ್ಟು ಒಣಪದಾರ್ಥದಲ್ಲಿ ಶೇಕಡ 1ರಿಂದ ಸುಮಾರು 18ರಷ್ಟು ಬರಿಯ ಮಣ್ಣೇ ಇರಬಹುದು. ಹುಲ್ಲು ಗಿಡ್ಡವಾಗಿ ನೆಲ ಕೆಸರಾದ ಕಾಲದಲ್ಲಿ ಇದು ಹೆಚ್ಚು. ಗಣಿ, ಕುಲುಮೆ, ಕೊಳಚೆ ನೀರುಗಳ ಬಳಿ ದನಕ್ಕೆ ಸೇರುವ ಸೀಸದಲ್ಲಿ ಹೆಚ್ಚಿನ ಪಾಲು ಹುಲ್ಲಿನ ಒಳಗಿನದಲ್ಲ, ಹುಲ್ಲಿನ ಮೇಲಿನದು. ಬೇಸಿಗೆಯಲ್ಲಿ ನೆಲ ಕಚ್ಚಿದ ಗರಿಕೆಯನ್ನು ಕಿತ್ತು ತಿನ್ನುವ ನಮ್ಮ ದನಗಳ ವಿಷಯದಲ್ಲಿ ಈ ಮಾತು ಇನ್ನಷ್ಟು ಸಲ್ಲುತ್ತದೆ. ರಂಜಕದ ಕೊರತೆಯಿಂದ ಬಳಲುವ ದನ ಮಣ್ಣು, ಮೂಳೆ, ಚಿಂದಿ, ಬಣ್ಣ ಬಳಿದ ಮರ ಎಂದು ಸಿಕ್ಕಿದ್ದನ್ನೆಲ್ಲ ನೆಕ್ಕುವ, ಕಡಿಯುವ ಚಟಕ್ಕೆ ಬೀಳುವುದರಿಂದ, ಪೋಷಣೆಯ ಕೊರತೆಯೇ ವಿಷಕ್ಕೆ ದಾರಿ ಮಾಡಿಕೊಡುತ್ತದೆ.

ಲೋಹಗಳಿಂದ ದನಗಳಿಗಾಗುವ ವಿಷಬಾಧೆಗಳಲ್ಲಿ ಸೀಸದ್ದೇ ಪ್ರಪಂಚದಾದ್ಯಂತ ಹೆಚ್ಚು ಕಾಣಸಿಗುವುದು. ಎಸೆದ ಬ್ಯಾಟರಿ, ಹಳೆಯ ಬಣ್ಣ, ಇಂಜಿನ್ನಿನಿಂದ ತೆಗೆದ ಆಯಿಲ್, ಗ್ರೀಸ್ ಇದರ ಸಾಮಾನ್ಯ ಮೂಲಗಳು. ದನದ ನಾಲ್ಕು ಭಾಗದ ಹೊಟ್ಟೆಯ ರಚನೆಯೇ ಇಲ್ಲಿ ಅದಕ್ಕೆ ಎದುರಾಗುತ್ತದೆ. ನುಂಗಿದ ಭಾರದ ತುಣುಕುಗಳು ಮುಂದೆ ಸಾಗದೆ, ಜೇನುಗೂಡಿನಂತಹ ಒಳಮೈಯುಳ್ಳ ಎರಡನೆಯ ಹೊಟ್ಟೆಯಾದ ರೆಟಿಕ್ಯುಲಮ್‌ನಲ್ಲಿ ತಂಗುತ್ತವೆ. ಮೊಳೆ, ತಂತಿ ಸಿಕ್ಕಿಕೊಳ್ಳುವುದೂ ಅಲ್ಲಿಯೇ. ಅಲ್ಲಿಂದ ಸ್ವಲ್ಪಸ್ವಲ್ಪವಾಗಿ ಸವೆದು, ಆಮ್ಲ ಸ್ರವಿಸುವ ನಾಲ್ಕನೆಯ ಹೊಟ್ಟೆಯನ್ನು ತಲುಪಿ ಕರಗುವ ಲವಣವಾಗಿ ರಕ್ತ ಸೇರುತ್ತದೆ. ಎಂದೋ ನುಂಗಿದ ಒಂದು ತುಂಡು ವಾರಗಟ್ಟಲೆ, ತಿಂಗಳುಗಟ್ಟಲೆ ವಿಷವನ್ನು ಬಿಡುತ್ತಲೇ ಇರಲು ಇದೇ ಕಾರಣ. ಬಾಯಿಯ ಮೂಲಕ ಹೋದ ಸೀಸದಲ್ಲಿ ವಯಸ್ಕ ದನದ ರಕ್ತಕ್ಕೆ ಸೇರುವುದು ಶೇಕಡ 1–2ರಷ್ಟು ಮಾತ್ರ. ಹಾಲು ಕುಡಿಯುವ ಕರುವಿನಲ್ಲಿ ಅದು ಶೇಕಡ 50ರವರೆಗೂ ಏರಬಹುದು. ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 6–7 ಮಿಲಿಗ್ರಾಂ ಸೀಸ ಬಹುಕಾಲ ಒಳಸೇರಿದರೆ ವಯಸ್ಕ ದನದಲ್ಲಿಯೂ ವಿಷಬಾಧೆ ತೋರುತ್ತದೆಂದು ಪಶುವೈದ್ಯಕೀಯ ಗ್ರಂಥಗಳು ಹೇಳುತ್ತವೆ. 400 ಕಿಲೋ ತೂಕದ ಹಸುವಿಗೆ ಇದು ದಿನಕ್ಕೆ ಮೂರು ಗ್ರಾಂಗಿಂತಲೂ ಕಡಿಮೆ. ಒಂದು ಕಾರಿನ ಬ್ಯಾಟರಿಯಲ್ಲಿರುವುದು ಹಲವು ಕಿಲೋಗ್ರಾಂ ಸೀಸ. ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲಿನೊಡನೆ ಒಂದು ಬ್ಯಾಟರಿ ಸಿಕ್ಕಿ ಪುಡಿಯಾದರೆ ಇಡೀ ಕೊಟ್ಟಿಗೆಯ ಮೇವು ವಿಷವಾಗುತ್ತದೆ.

ರಕ್ತ ಸೇರಿದ ಸೀಸದ ಬಹುಭಾಗ ಕೆಂಪು ರಕ್ತಕಣಗಳಿಗೆ ಅಂಟಿಕೊಳ್ಳುತ್ತದೆ, ಹೀಮೋಗ್ಲೋಬಿನ್ ತಯಾರಿಕೆಗೆ ಬೇಕಾದ ಕಿಣ್ವಗಳನ್ನು ತಡೆದು ರಕ್ತಹೀನತೆ ತರುತ್ತದೆ, ಕರುಗಳಲ್ಲಿ ಬಹುಬೇಗ ಮಿದುಳನ್ನು ಹೊಕ್ಕು ನರಗಳ ಲಕ್ಷಣಗಳನ್ನು ಹುಟ್ಟಿಸುತ್ತದೆ. ಕಣ್ಣು ಕಾಣದಾಗುವುದು, ಹಲ್ಲು ಕಡಿಯುವುದು, ಬಾಯಲ್ಲಿ ನೊರೆ ಮತ್ತು ಜೊಲ್ಲು, ಕಿವಿ ಮತ್ತು ಕಣ್ಣೆವೆಗಳ ಅದುರುವಿಕೆ, ಸುತ್ತು ಹೊಡೆಯುವುದು, ಗೋಡೆಗೋ ಕಂಬಕ್ಕೋ ತಲೆ ಒತ್ತಿಕೊಂಡು ನಿಲ್ಲುವುದು, ಅರಚುತ್ತ ನುಗ್ಗುವುದು ಇದರ ಪ್ರಸಿದ್ಧ ಚಿಹ್ನೆಗಳು; ವಯಸ್ಕ ದನಗಳಲ್ಲಿ ಮೇವು ಬಿಡುವುದು, ಮೆಲುಕು ನಿಲ್ಲುವುದು, ಮಂಕು ಹಿಡಿದು ನಿಲ್ಲುವುದು ಹೆಚ್ಚು. ಈ ಪಟ್ಟಿಯನ್ನು ಓದುವ ಯಾವ ಹಳ್ಳಿಯ ಪಶುವೈದ್ಯನಿಗೂ ಮೊದಲು ಹೊಳೆಯುವುದು ರೇಬೀಸ್. ಆಮೇಲೆ ಥಯಾಮಿನ್ ಎಂಬ ಬಿ1 ಜೀವಸತ್ವದ ಕೊರತೆಯಿಂದ ಬರುವ ಮಿದುಳಿನ ರೋಗ, ಮೆಗ್ನೀಸಿಯಂ ಕೊರತೆ, ಲಿಸ್ಟೀರಿಯಾ ಸೋಂಕು. ರಕ್ತದ ಸೀಸವನ್ನು ಅಳೆಯದೆ ಇವುಗಳಿಂದ ಬೇರ್ಪಡಿಸುವುದು ಕಷ್ಟ, ಮತ್ತು ಅಳೆಯುವ ಸೌಲಭ್ಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವಂಥದ್ದಲ್ಲ. ಸೀಸದ ವಿಷಬಾಧೆಗೂ ಥಯಾಮಿನ್ ಕೊಡುವುದು ಉಪಯುಕ್ತವೇ ಆದ್ದರಿಂದ, ತಪ್ಪು ರೋಗನಿದಾನದಲ್ಲಿ ಕೊಟ್ಟ ಚುಚ್ಚುಮದ್ದಿನಿಂದ ದನ ಸ್ವಲ್ಪ ಚೇತರಿಸಿಕೊಂಡು, ನಿಜವಾದ ಕಾರಣ ಎಂದೂ ಗೊತ್ತಾಗದೆ ಹೋಗುವ ಸಾಧ್ಯತೆಯೂ ಉಂಟು. ಕ್ಯಾಲ್ಸಿಯಂ ಸೇರಿದ ಇಡಿಟಿಎ ಎಂಬ ಔಷಧ ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಗೆ ಸಾಗಿಸುತ್ತದೆ. ಬಾಯಿಯ ಮೂಲಕ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಹೊಟ್ಟೆಯಲ್ಲಿರುವ ಸೀಸವನ್ನು ಕರಗದ ಲವಣವಾಗಿ ಮಾಡುತ್ತದೆ. ಮೂಳೆಯನ್ನು ಸೇರಿದ ಸೀಸಕ್ಕೆ ಇವು ತಲುಪುವುದು ಅಲ್ಪವೇ. ಹಸು ಗಬ್ಬವಾದಾಗ, ಕರು ಹಾಕಿ ಹಾಲು ಕೊಡುವಾಗ ಮೂಳೆಯ ಕ್ಯಾಲ್ಸಿಯಂ ಕರಗಿ ಹೊರಬರುವುದರೊಡನೆ ಆ ಸೀಸವೂ ಮತ್ತೆ ರಕ್ತಕ್ಕೆ ಇಳಿಯುತ್ತದೆ.

ಸಾಯುವ ದನ ಲೆಕ್ಕಕ್ಕೆ ಸಿಗುತ್ತದೆ. ಸಾಯದೆ ಸೊರಗುವ ದನ ಸಿಗುವುದಿಲ್ಲ. ಕ್ಯಾಡ್ಮಿಯಂ ಈ ಎರಡನೆಯ ಬಗೆಯ ವಿಷ. ಅದು ಯಕೃತ್ತಿನಲ್ಲಿ ಮೆಟಲೋಥಯೊನಿನ್ ಎಂಬ ಸಣ್ಣ ಪ್ರೋಟೀನಿನೊಡನೆ ಬೆಸೆದು ಮೂತ್ರಪಿಂಡವನ್ನು ಸೇರಿ, ಅಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ನೇರವಾದ ರೋಗಲಕ್ಷಣ ದನಗಳಲ್ಲಿ ವಿರಳ; ಆದರೆ ಕ್ಯಾಡ್ಮಿಯಂ ತಾಮ್ರ ಮತ್ತು ಸತುವಿನ ಹೀರಿಕೆಯನ್ನು ಅಡ್ಡಿಪಡಿಸುವುದರಿಂದ, ಬೆದೆಗೆ ಬಾರದಿರುವುದು, ಗಬ್ಬ ಕಟ್ಟದಿರುವುದು, ಕೂದಲು ಕಳೆಗುಂದುವುದು, ಕರು ಬಡಕಲಾಗುವುದು ಮುಂತಾಗಿ ತಾಮ್ರ–ಸತುವಿನ ಕೊರತೆಯ ರೂಪದಲ್ಲಿ ಅದು ಹೊರಗೆ ಕಾಣಿಸಬಲ್ಲದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಮಣ್ಣು, ಮೇವು, ರಕ್ತ ಮೂರನ್ನೂ ಪರೀಕ್ಷಿಸಿ ಪ್ರದೇಶವಾರು ಖನಿಜ ಕೊರತೆಗಳನ್ನು ಗುರುತಿಸುವ ಕೆಲಸಕ್ಕೆ ಹೆಸರಾದದ್ದು. ತಾಮ್ರ, ಸತುಗಳ ಕೊರತೆ ದೇಶದ ಹಲವು ಭಾಗಗಳ ಮೇವಿನಲ್ಲಿ ಸಾಮಾನ್ಯವೆಂಬುದು ಇಂತಹ ಸಮೀಕ್ಷೆಗಳಿಂದ ತಿಳಿದಿದೆ. ಕೊರತೆ ಮತ್ತು ವಿಷ ಒಂದೇ ದನದಲ್ಲಿ ಕೂಡಿದಾಗ ಪರಸ್ಪರ ಬಲಪಡಿಸುತ್ತವೆ: ಕ್ಯಾಲ್ಸಿಯಂ, ಕಬ್ಬಿಣ, ಸತು ಸಾಲದ ಕರುಳು ಸೀಸವನ್ನೂ ಕ್ಯಾಡ್ಮಿಯಮ್ಮನ್ನೂ ಹೆಚ್ಚು ಹೀರುತ್ತದೆ. ಹಾಗಾಗಿ ಮೇವಿನಲ್ಲಿ ಲೋಹದ ಪ್ರಮಾಣ ಒಂದೇ ಇದ್ದರೂ ಚೆನ್ನಾಗಿ ಮೇದ ದನಕ್ಕೆ ಆಗುವ ಹಾನಿ ಬೇರೆ, ಅರೆಹೊಟ್ಟೆಯ ದನಕ್ಕೆ ಆಗುವ ಹಾನಿ ಬೇರೆ.

ಲೋಹಗಳು ಒಂದರ ಮೂಲಕ ಇನ್ನೊಂದು ಹಾನಿ ಮಾಡುವ ಈ ಬಗೆಯನ್ನು ಅರ್ಥಮಾಡಿಸಿಕೊಟ್ಟ ಮಹತ್ವದ ಪ್ರಕರಣ ಇಂಗ್ಲೆಂಡಿನ ಸೊಮರ್ಸೆಟ್ ಪ್ರಾಂತದ್ದು. ಅಲ್ಲಿನ ಕೆಲವು ಹುಲ್ಲುಗಾವಲುಗಳಲ್ಲಿ ಮೇಯಲು ಬಿಟ್ಟ ಹಸುಗಳು ಕೆಲವೇ ದಿನಗಳಲ್ಲಿ ತೀವ್ರವಾಗಿ ಭೇದಿ ಮಾಡಿ, ಕೂದಲಿನ ಬಣ್ಣ ಕಳೆದುಕೊಂಡು ಇಳಿದುಹೋಗುತ್ತಿದ್ದವು. ಬೇರೆ ಹುಲ್ಲುಗಾವಲಿಗೆ ಹೊಡೆದರೆ ಸುಧಾರಿಸುತ್ತಿದ್ದವು. ಟಿಯರ್ಟ್ ಎಂದು ಸ್ಥಳೀಯರು ಕರೆಯುತ್ತಿದ್ದ ಈ ನೆಲದ ಹುಲ್ಲಿನಲ್ಲಿ ಮಾಲಿಬ್ಡಿನಂ ಅತಿಯಾಗಿದೆ ಎಂದು ಫರ್ಗುಸನ್, ಲೂಯಿಸ್ ಮತ್ತು ವಾಟ್ಸನ್ 1938ರಲ್ಲಿ ತೋರಿಸಿದರು. ತಾಮ್ರದ ಸಲ್ಫೇಟ್ ಕೊಟ್ಟರೆ ಭೇದಿ ನಿಲ್ಲುತ್ತಿತ್ತು. ಇದರ ಒಳಗುಟ್ಟು ಬಿಚ್ಚಿಕೊಂಡದ್ದು ದಶಕಗಳ ನಂತರ. ನೀರು ಮತ್ತು ಮೇವಿನಲ್ಲಿರುವ ಗಂಧಕವನ್ನು ಮೊದಲ ಹೊಟ್ಟೆಯಾದ ರೂಮೆನ್‌ನ ಸೂಕ್ಷ್ಮಜೀವಿಗಳು ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಅದು ಮಾಲಿಬ್ಡಿನಮ್ಮಿನೊಡನೆ ಸೇರಿ ಥಯೋಮಾಲಿಬ್ಡೇಟ್ ಆಗಿ, ತಾಮ್ರವನ್ನು ಬಿಡದಂತೆ ಹಿಡಿದುಬಿಡುತ್ತದೆ. ಮೇವಿನಲ್ಲಿ ತಾಮ್ರ ಸಾಕಷ್ಟಿದ್ದರೂ ಹಸುವಿಗೆ ಅದು ದಕ್ಕುವುದಿಲ್ಲ. ಮೇವಿನ ತಾಮ್ರ ಮಾಲಿಬ್ಡಿನಮ್ಮಿನ ಎರಡು ಪಟ್ಟಿಗಿಂತ ಕಡಿಮೆಯಾದರೆ ಅಪಾಯವೆಂಬ ಸೂತ್ರ ಇದರಿಂದ ಬಂದದ್ದು. ಒಂದೊಂದು ಲೋಹಕ್ಕೂ ಒಂದೊಂದು ಮಿತಿಯನ್ನು ಕೋಷ್ಟಕದಲ್ಲಿ ಬರೆದು ಮುಗಿಸುವ ಕ್ರಮ ಮೆಲುಕು ಹಾಕುವ ಪ್ರಾಣಿಗಳ ಮಟ್ಟಿಗೆ ಎಷ್ಟು ಅಪೂರ್ಣ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಪಾದರಸದ ವಿಷಯದಲ್ಲಿ ದನ ಒಂದಷ್ಟು ಅದೃಷ್ಟವಂತ ಪ್ರಾಣಿ. ಅತ್ಯಂತ ಅಪಾಯಕಾರಿಯಾದ ಮಿಥೈಲ್ ಪಾದರಸವನ್ನು ರೂಮೆನ್‌ನ ಸೂಕ್ಷ್ಮಜೀವಿಗಳು ಸ್ವಲ್ಪಮಟ್ಟಿಗೆ ಒಡೆಯುತ್ತವೆ. ಅಪಾಯ ಬರುವುದು ಪಾದರಸದ ಶಿಲೀಂಧ್ರನಾಶಕ ಲೇಪಿಸಿದ ಬಿತ್ತನೆ ಬೀಜವನ್ನು ತಿಂದಾಗ. 1971–72ರಲ್ಲಿ ಇರಾಕ್‌ನಲ್ಲಿ ಅಂತಹ ಬಿತ್ತನೆ ಗೋಧಿಯಿಂದ ರೊಟ್ಟಿ ಮಾಡಿ ತಿಂದು ನೂರಾರು ಜನ ಸತ್ತ ದುರಂತದಲ್ಲಿ, ಕೆಲವು ರೈತರು ಆ ಕಾಳನ್ನು ಮೊದಲು ಕೋಳಿಗಳಿಗೆ ಹಾಕಿ, ಕೆಲವು ದಿನ ನೋಡಿ, ಏನೂ ಆಗದ್ದರಿಂದ ಧೈರ್ಯ ತಂದುಕೊಂಡಿದ್ದರು. ಪಾದರಸದ ಲಕ್ಷಣಗಳು ಕಾಣಿಸಲು ವಾರಗಳೇ ಬೇಕಾಗುವುದರಿಂದ ಪ್ರಾಣಿಗೆ ಹಾಕಿ ನೋಡುವ ಆ ಹಳೆಯ ಪರೀಕ್ಷೆ ಅಲ್ಲಿ ಕೈಕೊಟ್ಟಿತು.

ಆರ್ಸೆನಿಕ್‌ನ ಇಂದಿನ ದೊಡ್ಡ ರಂಗಸ್ಥಳ ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶ. ನದಿಯಾ, ಮುರ್ಷಿದಾಬಾದ್, ಮಾಲ್ದಾ, ಉತ್ತರ 24 ಪರಗಣ ಮೊದಲಾದ ಜಿಲ್ಲೆಗಳಲ್ಲಿ ಅಂತರ್ಜಲದಿಂದ ಬೆಳೆಯುವ ಬೇಸಿಗೆ ಭತ್ತ ಆರ್ಸೆನಿಕ್ ಅನ್ನು ಹೀರುತ್ತದೆ. ಆದರೆ ಅದು ಕೂಡಿಕೊಳ್ಳುವುದು ಅಕ್ಕಿಗಿಂತ ಹಲವು ಪಟ್ಟು ಹೆಚ್ಚಾಗಿ ಹುಲ್ಲಿನಲ್ಲಿ, ಮತ್ತು ಆ ಹುಲ್ಲೇ ಅಲ್ಲಿನ ದನಗಳ ಮುಖ್ಯ ಒಣಮೇವು. ದನ ಆರ್ಸೆನಿಕ್‌ನ ಬಹುಪಾಲನ್ನು ಮೂತ್ರ, ಸಗಣಿ, ಕೂದಲುಗಳ ಮೂಲಕ ಹೊರಹಾಕುತ್ತದೆ. ಸಗಣಿ ಬೆರಣಿಯಾಗಿ, ಬೆರಣಿ ಒಲೆಯಲ್ಲಿ ಉರಿದು, ಆರ್ಸೆನಿಕ್ ಹೊಗೆಯಾಗಿ ಅಡುಗೆಮನೆಯ ಹೆಂಗಸರ ಉಸಿರು ಸೇರುತ್ತದೆಂದು ಬಂಗಾಳದಲ್ಲಿ ನಡೆದ ಸಂಶೋಧನೆಗಳು ತೋರಿಸಿವೆ. ಕುಡಿಯುವ ನೀರನ್ನು ಶುದ್ಧಗೊಳಿಸಿದ ಮಾತ್ರಕ್ಕೆ ಮುಗಿಯದ ಸಮಸ್ಯೆ ಇದು. ಕರ್ನಾಟಕದಲ್ಲಿಯೂ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿಯ ಸಮೀಪ, ಆರ್ಸೆನಿಕ್‌ನಿಂದ ಚರ್ಮರೋಗಕ್ಕೆ ತುತ್ತಾದ ಜನರನ್ನು ಗುರುತಿಸಿದ ಅಧ್ಯಯನವನ್ನು ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಮನುಷ್ಯರ ಮೈಮೇಲೆ ಗುರುತು ಮೂಡಿಸಿದ ನೀರನ್ನು ಅಲ್ಲಿನ ದನಗಳೂ ಕುಡಿದಿರಲೇಬೇಕು, ಅದೂ ಮನುಷ್ಯರಿಗಿಂತ ಹತ್ತಾರು ಪಟ್ಟು ಹೆಚ್ಚು.

ಹಾಲಿನ ಪ್ರಶ್ನೆಗೆ ಬಂದರೆ, ಕೆಚ್ಚಲಿನ ಅಂಗಾಂಶ ಕ್ಯಾಡ್ಮಿಯಂ ಮತ್ತು ಅಜೈವಿಕ ಪಾದರಸವನ್ನು ಹಾಲಿಗೆ ಅತ್ಯಲ್ಪವಾಗಿ ಮಾತ್ರ ಬಿಡುತ್ತದೆ. ಸೀಸಕ್ಕೂ ಒಂದು ಹಂತದವರೆಗೆ ತಡೆಯಿದೆ. ಆ ಹಂತ ಎಲ್ಲಿದೆ ಎಂಬುದನ್ನು ಸೂಚಿಸಿದ್ದು ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಸ್ವರೂಪ್, ಪಾತ್ರ ಮತ್ತು ಸಂಗಡಿಗರು ದೇಶದ ವಿವಿಧ ಕೈಗಾರಿಕಾ ಪ್ರದೇಶಗಳ ಹಾಲು ಕೊಡುವ ಹಸುಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ. ರಕ್ತದ ಸೀಸ ಪ್ರತಿ ಮಿಲಿಲೀಟರಿಗೆ 0.20 ಮೈಕ್ರೋಗ್ರಾಂ ದಾಟಿದ ಮೇಲೆ ಹಾಲಿಗೆ ಹೋಗುವ ಸೀಸ ಗಣನೀಯವಾಗಿ ಏರುತ್ತಿತ್ತು. ಸೀಸ ಮತ್ತು ಸತುವಿನ ಕುಲುಮೆಯ ಬಳಿಯ ಹಸುಗಳಲ್ಲಿ ರಕ್ತದ ಸರಾಸರಿ 0.86, ಹಾಲಿನ ಸರಾಸರಿ 0.84 ಮೈಕ್ರೋಗ್ರಾಂ ಮುಟ್ಟಿತ್ತು. ಹಾಲಿಗೆ ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗ್ರಾಂಗೆ 0.02 ಮಿಲಿಗ್ರಾಂ, ಆ ಹಾಲು ಅದರ ಸುಮಾರು ನಲವತ್ತು ಪಟ್ಟು. ಇದಕ್ಕಿಂತ ಮುಖ್ಯವಾದ ಮಾತು ಈ ಅಂಕಿಗಳ ಇನ್ನೊಂದು ಮಗ್ಗುಲಿನಲ್ಲಿದೆ: 0.20ರ ಕೆಳಗಿರುವ ಹಸುವಿನ ಹಾಲು ಅದರ ಒಡಲಿನ ಸೀಸದ ಬಗ್ಗೆ ಹೆಚ್ಚೇನನ್ನೂ ಹೇಳುವುದಿಲ್ಲ. ಹಾಲು ಉತ್ಪಾದಕರ ಸಂಘದಲ್ಲಿ ನೂರಾರು ಮನೆಗಳ ಹಾಲು ಒಂದೇ ಟ್ಯಾಂಕಿನಲ್ಲಿ ಬೆರೆತ ಮೇಲಂತೂ, ಕೊಳಚೆ ಕಾಲುವೆಯ ಪಕ್ಕದ ಒಂದು ಕೊಟ್ಟಿಗೆಯ ಸುದ್ದಿ ಆ ಮಾದರಿಯಲ್ಲಿ ಕರಗಿಹೋಗುತ್ತದೆ.

ಕರ್ನಾಟಕದಲ್ಲಿ ಈ ಪ್ರಶ್ನೆ ಅತ್ಯಂತ ನೇರವಾಗಿ ಎದುರಾಗುವುದು ಬೆಂಗಳೂರಿನ ಕೊಳಚೆ ಹರಿಯುವ ದಿಕ್ಕಿನಲ್ಲಿ. ವೃಷಭಾವತಿ ನಗರದ ಪಶ್ಚಿಮ ಭಾಗದ ಮನೆ ಮತ್ತು ಕಾರ್ಖಾನೆಗಳ ನೀರನ್ನು ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ತುಂಬುತ್ತದೆ. ಆ ಕೆರೆಯ ಕೆಳಗೆ ವರ್ಷವಿಡೀ ನೀರಿರುವುದರಿಂದಲೇ ಹಸಿ ಮೇವು ಸಮೃದ್ಧ, ಹಸಿ ಮೇವಿನ ಬಲದಿಂದಲೇ ಹೈನುಗಾರಿಕೆ ಸಮೃದ್ಧ. ಪೂರ್ವ ದಿಕ್ಕಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಅಂಚಿನಲ್ಲಿ ತಾನಾಗಿ ಬೆಳೆಯುವ ಹುಲ್ಲನ್ನು ಕೊಯ್ದು ದನಗಳಿಗೆ ಹಾಕುವುದು ಬಹುಕಾಲದ ರೂಢಿ. ಬೆಳ್ಳಂದೂರು ಕೆರೆಯಿಂದ ಸುತ್ತಲಿನ ಮಣ್ಣು ಮತ್ತು ಬೆಳೆಗಳಿಗೆ ಸೇರುವ ಭಾರಲೋಹಗಳ ಬಗ್ಗೆ ಲೋಕೇಶ್ವರಿ ಮತ್ತು ಚಂದ್ರಪ್ಪ ಅವರ ಅಧ್ಯಯನ 2006ರಲ್ಲಿಯೇ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂದಿತ್ತು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದಾಗ, ಅದರಲ್ಲಿ ಭಾರಲೋಹವಿದೆಯೇ ಎಂಬ ವಿವಾದ ನ್ಯಾಯಾಲಯದವರೆಗೆ ಹೋದದ್ದು ಆಶ್ಚರ್ಯವಲ್ಲ. ಕೋಲಾರದ ರೈತನ ಬದುಕು ಹಾಲಿನ ಮೇಲೆ ನಿಂತಿದೆ. ಕೆರೆಯ ಗೋಡುಮಣ್ಣನ್ನು ಬೇಸಿಗೆಯಲ್ಲಿ ಹೊಲಕ್ಕೆ ಹೊಡೆಯುವ ಪದ್ಧತಿ ಬಯಲುಸೀಮೆಯ ಕೃಷಿಯ ಜೀವಾಳ. ನಗರದ ನೀರು ಕುಡಿದ ಕೆರೆಯ ಗೋಡಿನಲ್ಲಿ ಲೋಹ ತಳ ಹಿಡಿದಿದ್ದರೆ, ಅದೇ ಪದ್ಧತಿ ಅದನ್ನು ಊರಾಚೆಯ ಹೊಲಗಳಿಗೂ ಹಂಚುತ್ತದೆ.

ಕೆರೆಯಂಚಿನ ಆ ಹುಲ್ಲಿನಲ್ಲಿ ಪ್ಯಾರಾ ಹುಲ್ಲು ಎಂಬ ಜಾತಿಯ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಒಡಿಶಾದ ಸುಕಿಂದಾ ಕಣಿವೆಯ ಕ್ರೋಮೈಟ್ ಗಣಿಗಳ ಬಳಿ ಕಲುಷಿತ ಮಣ್ಣಿನಿಂದ ಕ್ರೋಮಿಯಂ ಹೀರಿ ತೆಗೆಯಲು ತಕ್ಕ ಸಸ್ಯವೆಂದು ಸಂಶೋಧಕರು ಪ್ರಯೋಗಕ್ಕೆ ಆರಿಸಿಕೊಂಡದ್ದು ಇದೇ ಹುಲ್ಲನ್ನು. ಬೇಗ ಬೆಳೆಯುವುದು, ಕೊಯ್ದಷ್ಟೂ ಚಿಗುರುವುದು, ಕೊಳಚೆಯಲ್ಲಿ ಬಾಡದಿರುವುದು ಎಂಬ ಗುಣಗಳು ಮೇವಿಗೆ ಎಷ್ಟು ಒಪ್ಪುತ್ತವೋ ಮಣ್ಣು ಶುದ್ಧಿಗೂ ಅಷ್ಟೇ ಒಪ್ಪುತ್ತವೆ. ಸಸ್ಯಗಳಿಂದ ಮಣ್ಣು ತೊಳೆಯುವ ವಿಧಾನದಲ್ಲಿ ಕೊಯ್ದ ಸೊಪ್ಪು ದನದ ಬಾಯಿಗೆ ಹೋಗಬಾರದೆಂಬುದು ಮೊದಲ ನಿಬಂಧನೆ. ನಗರದ ಕೆರೆಗಳಲ್ಲಿ ಅದನ್ನು ಕೊಯ್ಯುವುದೇ ದನಕ್ಕಾಗಿ.

ಕೊಟ್ಟಿಗೆಯ ಮಟ್ಟದಲ್ಲಿ ಗಮನ ಬೇಡುವ ಇನ್ನೊಂದು ಸಂಗತಿ ಬಣ್ಣ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಗೆ, ಹಳೆ ಮೈಸೂರಿನ ಕಡೆ ಸಂಕ್ರಾಂತಿಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವಾಗ ಈಗ ಬಳಸುವುದು ಹೆಚ್ಚಾಗಿ ಅಂಗಡಿಯ ಎನಾಮೆಲ್. ಪಕ್ಕದಲ್ಲಿ ಕಟ್ಟಿದ ದನ, ಕರು ಅದನ್ನು ನೆಕ್ಕುವುದು ಸಹಜ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದೆಂಬ 2016ರ ಕೇಂದ್ರ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕೈಗಾರಿಕೆಗೆ ಬಳಸುವ ಬಣ್ಣಗಳು ಅದರ ವ್ಯಾಪ್ತಿಗೆ ಬರುವುದಿಲ್ಲ, ಟ್ರ್ಯಾಕ್ಟರಿಗೆ ಬಳಿದು ಉಳಿದ ಡಬ್ಬಿಗೆ ಕೊಂಬು ಬೇರೆ, ಬಂಪರ್ ಬೇರೆ ಎಂಬುದು ಗೊತ್ತಿಲ್ಲ.

ನಿಯಂತ್ರಣದ ಕಡೆ ನೋಡಿದರೆ, ಯುರೋಪಿಯನ್ ಒಕ್ಕೂಟ 2002ರಲ್ಲಿ ಹೊರಡಿಸಿದ ನಿರ್ದೇಶನ ಮತ್ತು ಅದರ ತಿದ್ದುಪಡಿಗಳು ಸಂಪೂರ್ಣ ಪಶು ಆಹಾರದಲ್ಲಿ ಕಿಲೋಗ್ರಾಂಗೆ ಸೀಸ 5, ಆರ್ಸೆನಿಕ್ 2, ವಯಸ್ಕ ದನಗಳ ಆಹಾರದಲ್ಲಿ ಕ್ಯಾಡ್ಮಿಯಂ 1, ಪಾದರಸ 0.1 ಮಿಲಿಗ್ರಾಂ ಎಂಬ ಮಿತಿಗಳನ್ನು ಇಟ್ಟಿವೆ. ಅದರಲ್ಲಿ ಹಸಿ ಮೇವಿಗೂ ಸೀಸ 30 ಮಿಲಿಗ್ರಾಂ ಎಂಬ ಪ್ರತ್ಯೇಕ ಮಿತಿ ಇರುವುದು ವಿಶೇಷ. ಭಾರತದಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನದಂಡಗಳು ಇರುವುದು ಸಿದ್ಧ ಪಶು ಆಹಾರಕ್ಕೆ, ಖನಿಜ ಮಿಶ್ರಣಕ್ಕೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡ 5.7ರಲ್ಲಿ ಮಿತಿಮೀರಿದ ಅಫ್ಲಾಟಾಕ್ಸಿನ್, ಅಂದರೆ ಬೂಷ್ಟಿನಿಂದ ಹುಟ್ಟುವ ವಿಷ, ಕಂಡಿತು. ಅದರ ಹಿನ್ನೆಲೆಯಲ್ಲಿ 2020ರಲ್ಲಿ ಮಾರಾಟದ ಪಶು ಆಹಾರ ಮಾನಕ ಬ್ಯೂರೋದ ಮಾನದಂಡಕ್ಕೆ ಒಪ್ಪಬೇಕೆಂಬ ಆದೇಶ ಬಂದಿತು. ಅದು ಸರಿಯಾದ ಹೆಜ್ಜೆಯೇ. ಆದರೆ ಹಳ್ಳಿಯ ಹಸುವಿನ ಹೊಟ್ಟೆ ತುಂಬುವುದು ಬಹುಪಾಲು ಹೊಲದ ಹುಲ್ಲು, ರಾಗಿಹುಲ್ಲು, ಜೋಳದ ಸೊಪ್ಪೆಗಳಿಂದ. ಹೊರೆಯ ಲೆಕ್ಕದಲ್ಲಿ ಕೊಯ್ದು ಮಾರುವ ಮೇವಿಗೆ ಚೀಲವೂ ಇಲ್ಲ, ಚೀಟಿಯೂ ಇಲ್ಲ, ಆದ್ದರಿಂದ ಈ ನಿಯಮಗಳು ಅದನ್ನು ಮುಟ್ಟುವುದಿಲ್ಲ.

ಹುಲ್ಲನ್ನು ಪರೀಕ್ಷಿಸುವುದು ದುಬಾರಿ, ಮಾದರಿಯಿಂದ ಮಾದರಿಗೆ ಅಂಕಿ ಏರಿಳಿಯುವುದೂ ಹೆಚ್ಚು. ಒಂದು ಪ್ರದೇಶದ ಮೇವಿನಲ್ಲಿ ವರ್ಷಗಟ್ಟಲೆ ಎಷ್ಟು ಲೋಹ ಹರಿದಿದೆ ಎಂಬುದರ ನಂಬಲರ್ಹ ದಾಖಲೆ ಅಲ್ಲಿಯೇ ಮೇದು ಮುದಿಯಾದ ದನದ ಮೂತ್ರಪಿಂಡ. ನ್ಯೂಜಿಲೆಂಡ್ ತನ್ನ ಸಮಸ್ಯೆಯನ್ನು ಅಳೆದದ್ದು ಕಸಾಯಿಖಾನೆಗಳಲ್ಲಿ. ಕರ್ನಾಟಕದಲ್ಲಿ ಜಾನುವಾರು ವಧೆ ತಡೆಯ 2020ರ ಕಾಯಿದೆಯಡಿ ಹಸು, ಎತ್ತುಗಳ ವಧೆ ನಿಷಿದ್ಧ. 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ಅವಕಾಶ. ಕ್ಯಾಡ್ಮಿಯಂ ವಯಸ್ಸಿನೊಡನೆ ಕೂಡುವ ಲೋಹವಾದ್ದರಿಂದ, ಈ ಉದ್ದೇಶಕ್ಕೆ 13 ವರ್ಷದ ಎಮ್ಮೆಗಿಂತ ಒಳ್ಳೆಯ ಮಾದರಿ ಬೇಕಿಲ್ಲ. ಹಸುಗಳ ಮಟ್ಟಿಗೆ ಉಳಿದಿರುವುದು ವಿಮೆಗಾಗಿ ಪಶುವೈದ್ಯರು ಮಾಡುವ ಮರಣೋತ್ತರ ಪರೀಕ್ಷೆ. ಅಲ್ಲಿ ಮೂತ್ರಪಿಂಡದ ಹೊರಪದರದಿಂದ ಒಂದು ಚೂರನ್ನೂ, ಊರಿನ ಹೆಸರು, ದನದ ವಯಸ್ಸು, ಅದು ಕುಡಿಯುತ್ತಿದ್ದ ನೀರಿನ ಮೂಲ ಇವನ್ನು ಬರೆದ ಚೀಟಿಯನ್ನೂ ತೆಗೆದಿಟ್ಟರೆ, ಬೈರಮಂಗಲದಿಂದ ಕೋಲಾರದವರೆಗೆ ಯಾವ ಕೆರೆಯ ಕೆಳಗಿನ ಹುಲ್ಲನ್ನು ಮೊದಲು ಪರೀಕ್ಷಿಸಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.